ಕೆಂಪು ಪೀಪಾಯಿಯ ನೀರು

ನನ್ನ ಕೆಲಸ ಎಣಿಸುವುದು. ಇಪ್ಪತ್ತೆಂಟು ವರ್ಷದಿಂದ ಅದೊಂದೇ. ಸಮುದ್ರ ಸಂಶೋಧನಾ ಕೇಂದ್ರದಲ್ಲಿದ್ದೀನಿ ಅಂದರೆ ಜನ ತಿಮಿಂಗಿಲ ಗಿಮಿಂಗಿಲ ಅಂದುಕೊಂಡು ಕಣ್ಣರಳಿಸುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ಒಂದು ಬಾಟಲಿ ನೀರಿನಲ್ಲಿ ಬರಿಗಣ್ಣಿಗೆ ಕಾಣದ ಸಸ್ಯಜೀವಗಳು ಯಾವ ಯಾವ ಜಾತಿಯವು ಎಷ್ಟೆಷ್ಟಿವೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆಯುವವಳು ನಾನು, ಪುಸ್ತಕದಲ್ಲಿ ಅವಕ್ಕೆ ಸಸ್ಯಪ್ಲವಕ ಅಂತಾರೆ ಅಂತೆಲ್ಲ ಬಿಡಿಸಿ ಹೇಳುವ ತ್ರಾಣ ಈಗ ಇಲ್ಲ. ಹೇಳಿದರೂ, ಎಣಿಸಿ ಏನು ಮಾಡ್ತೀರಿ ಅಂತ ಕೇಳುತ್ತಾರೆ. ಅದಕ್ಕಿಂತ ತಿಮಿಂಗಿಲವೇ ವಾಸಿ.

ಹದಿನೈದು ದಿನಕ್ಕೊಮ್ಮೆ ನನ್ನ ಮೇಜಿಗೆ ಎರಡು ಬಾಟಲಿ ಬರುತ್ತವೆ. ಒಂದು ನದಿ ಸಮುದ್ರ ಸೇರುವ ಜಾಗದಲ್ಲಿ ದೋಣಿ ಕಟ್ಟುವ ಜೆಟ್ಟಿಯದು. ಇನ್ನೊಂದು ಅಲ್ಲಿಂದ ಹನ್ನೆರಡು ಕಿಲೋಮೀಟರ್ ಆಚೆ, ತೆರೆದ ಸಮುದ್ರದಲ್ಲಿ ಗುರುತಿಗೆ ಲಂಗರು ಹಾಕಿ ತೇಲಬಿಟ್ಟ ಒಂದು ಕೆಂಪು ಪೀಪಾಯಿಯ ಪಕ್ಕದ್ದು. ಅಯೋಡಿನ್ ಹಾಕಿದರೆ ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗುತ್ತೆ, ಒಳಗಿನವು ಕೊಳೆಯದೆ ಹಾಗೇ ಉಳಿಯುತ್ತವೆ. ಅದನ್ನು ಗಾಜಿನ ಕೊಳವೆಗೆ ಸುರಿದು ಒಂದು ದಿನ ಅಲುಗಾಡಿಸದೆ ಬಿಡಬೇಕು. ತಳಕ್ಕೆ ಕೂತದ್ದನ್ನು ಮಾರನೇ ದಿನ ನಾನು ಕೂತು ಎಣಿಸಬೇಕು. ಎಡಗೈ ಎಣಿಕೆಯ ಗುಂಡಿ ಒತ್ತುತ್ತೆ, ಬಲಗೈ ಗಾಜು ಸರಿಸುತ್ತೆ, ಕತ್ತು ಬಗ್ಗಿದ್ದು ಬಗ್ಗಿದ ಹಾಗೇ ಇರುತ್ತೆ.

ಹೊರಗಿನ ನೀರಿಗೆ ಅದರದ್ದೇ ಒಂದು ವರಸೆ ಇದೆ. ಬಿಸಿಲಿನ ತಿಂಗಳುಗಳಲ್ಲಿ ನೀರು ತಿಳಿ, ಜೀವ ಕಮ್ಮಿ. ಚಾಟಿಯಂಥ ಬಾಲದ ಸಣ್ಣಸಣ್ಣವು ಅಲ್ಲೊಂದು ಇಲ್ಲೊಂದು. ಮಳೆ ಹಿಡಿದು ಸಮುದ್ರ ಕದಡಿತು ಅಂದರೆ ತಳದ ಸಾರವೆಲ್ಲ ಮೇಲೆ ಬಂದು, ಗಾಜಿನ ಕವಚದವು ಸರಪಳಿ ಕಟ್ಟಿಕೊಂಡು ದಂಡುದಂಡಾಗಿ ಎದ್ದುಬಿಡುತ್ತವೆ. ಆಗ ಒಂದೊಂದು ಬಾಟಲಿಗೂ ಎರಡು ದಿನ. ಮಳೆ ನಿಂತು ನೀರು ನೆಲೆಗೆ ಬಂದ ಮೇಲೆ ಅವು ಕರಗಿ ಮತ್ತೆ ಚಾಟಿಬಾಲದವರ ಕಾರುಬಾರು. ಯಾವುದು ಯಾವ ತಿಂಗಳಲ್ಲಿ ಬಂತು, ಹೋದ ವರ್ಷಕ್ಕಿಂತ ಬೇಗ ಬಂತೋ ತಡವೋ, ಎಷ್ಟು ದಿನ ಇತ್ತು, ಇಷ್ಟನ್ನು ತಪ್ಪಿಲ್ಲದೆ ಬರೆದಿಟ್ಟರೆ ಸಮುದ್ರಕ್ಕೆ ಏನಾಗುತ್ತಿದೆ ಅಂತ ಹೇಳಬಹುದಂತೆ. ಹೇಳುವವರು ಬೇರೆ. ನಾನು ಬರೆದಿಡುವವಳು.

ಇವುಗಳ ಜೊತೆ ಇನ್ನೊಂದು ಜಾತಿ ಇದೆ. ನಾಲ್ಕು ಜನ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತ ಹಾಗೆ ನಾಲ್ಕು ಹಸಿರು ಕಾಳು ಅಂಟಿಕೊಂಡಿರುತ್ತವೆ. ನಾನು ಅದಕ್ಕೆ ಬೆಂಚು ಅಂತಲೇ ಹೆಸರಿಟ್ಟಿದ್ದೀನಿ. ಬೆಂಚು ಸಿಹಿನೀರಿನದು, ನದಿಯದು. ಜೆಟ್ಟಿಯ ಬಾಟಲಿಯಲ್ಲಿ ಮಳೆಗಾಲದಲ್ಲಿ ಸಿಕ್ಕೇ ಸಿಗುತ್ತೆ. ಕೆಂಪು ಪೀಪಾಯಿಯ ಬಾಟಲಿಯಲ್ಲಿ ಸಿಗಬಾರದು. ನದಿ ಅಷ್ಟು ದೂರ ಬರುವುದಿಲ್ಲ ಅಂತ ನನಗೆ ಕೆಲಸ ಕಲಿಸಿದವರು ಹೇಳಿದ್ದರು, ಅವರಿಗೆ ಅವರ ಗುರುಗಳು ಹೇಳಿದ್ದರು.

ನೀರು ತರುತ್ತಿದ್ದವನು ನನ್ನ ಅಣ್ಣ. ಒಡಹುಟ್ಟಿದ ಅಣ್ಣ. ನಾನು ಸೇರಿದ ಎರಡನೇ ವರ್ಷಕ್ಕೆ ಅವನೂ ಕೇಂದ್ರದ ದೋಣಿ ನಡೆಸಲು ಸೇರಿಕೊಂಡ. ಆ ದೋಣಿಯಲ್ಲಿ ನಾಲ್ಕು ಜನ ಕೂತರೆ ಐದನೆಯವನು ಈಜಬೇಕು, ಆದರೂ ಕೇಂದ್ರದಲ್ಲಿ ಎಲ್ಲರೂ ಅವನನ್ನು ಕ್ಯಾಪ್ಟನ್ ಅಂತಿದ್ದರು. ಅವನೂ ಏನೂ ಬೇಜಾರು ಮಾಡಿಕೊಳ್ಳದೆ ಓಗೊಡುತ್ತಿದ್ದ. ಮಾತು ಕಮ್ಮಿ. ಹತ್ತು ಕೇಳಿದರೆ ಒಂದಕ್ಕೆ ಉತ್ತರ, ಅದೂ ಅರ್ಧ.

ಹನ್ನೊಂದು ವರ್ಷದ ಹಿಂದೆ ಮಳೆಗಾಲದ ಶುರುವಿನಲ್ಲೇ ದೋಣಿ ಮಗುಚುವ ಹಾಗಾಯಿತು. ನದಿಯ ಬಾಯಲ್ಲಿ ಒಂದು ದೊಡ್ಡ ಅಲೆ ಅಡ್ಡ ಹೊಡೆದು, ಜೊತೆಗಿದ್ದ ಆಳು ನೀರಿಗೆ ಬಿದ್ದ. ಅಣ್ಣ ಅವನನ್ನು ಎಳೆದು ಹಾಕಿಕೊಂಡು ಬಂದ. ಹಣೆ ಒಡೆದಿತ್ತು, ರಕ್ತ ಕಣ್ಣಿಗಿಳಿದಿತ್ತು. ಆಳು ಅವತ್ತೇ ಕೆಲಸ ಬಿಟ್ಟ. ಬೇರೆಯವರನ್ನು ಕೊಡ್ತೀವಿ ಅಂತ ಮೇಲಿನವರು ಹೇಳಿದರು, ಕೊಡಲೇ ಇಲ್ಲ. ಅದೇ ಏಟಿನಲ್ಲಿ ನೀರಿನ ಉಪ್ಪು ಅಳೆಯುವ ಯಂತ್ರವೂ ಕೆಟ್ಟಿತು. ರಿಪೇರಿಗೆ ಹೋದದ್ದು ಅಲ್ಲೇ ಸಂಸಾರ ಹೂಡಿತೋ ಏನೋ, ವಾಪಸ್ಸು ಬರಲಿಲ್ಲ.

ಅವತ್ತು ಸಂಜೆ ಅವನ ಮನೆಗೆ ಹೋಗಿ ನಾನು ರಂಪ ಮಾಡಿದೆ. ಅತ್ತಿಗೆ ಎದುರಿಗೇ. ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಜೀವ ಕೈಯಲ್ಲಿ ಹಿಡಕೊಂಡು ಹೋಗಿ ಒಂದು ಬಾಟಲಿ ನೀರು ತರುವ ಕರ್ಮ ಏನು, ಮಳೆಗಾಲ ಮುಗಿಯುವ ತನಕ ಎರಡು ಬಾಟಲೀನೂ ಜೆಟ್ಟಿಯಲ್ಲೇ ತುಂಬಿಸಿಕೊಂಡು ಬಾ, ಎಣಿಸುವವಳು ನಾನು, ನಾನು ಬಾಯಿ ಬಿಡದಿದ್ದರೆ ಯಾರಿಗೆ ಗೊತ್ತಾಗುತ್ತೆ ಅಂದೆ. ಅತ್ತುಬಿಟ್ಟೆ, ಅತ್ತದ್ದಕ್ಕೆ ನನ್ನ ಮೇಲೇ ಸಿಟ್ಟು ಬಂದು ಇನ್ನಷ್ಟು ಕೂಗಾಡಿದೆ. ಅಣ್ಣ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹಣೆಯ ಪಟ್ಟಿ ಮುಟ್ಟಿಕೊಂಡು ಕೂತಿದ್ದ.

ಹದಿನೈದು ದಿನ ಕಳೆದು ಎರಡು ಬಾಟಲಿ ಬಂದವು. ಕೆಂಪು ಪೀಪಾಯಿಯ ಬಾಟಲಿ ನೋಡಿದೆ. ಸರಪಳಿಗಳ ನಡುವೆ ಬೆಂಚು. ಒಂದಲ್ಲ, ಒಂಬತ್ತು.

ಸರಿ, ಅಣ್ಣ ನನ್ನ ಮಾತು ಕೇಳಿದ ಅಂದುಕೊಂಡೆ. ಹೊಟ್ಟೆಯಲ್ಲಿ ಎಷ್ಟೋ ದಿನದ ಮೇಲೆ ತಣ್ಣಗಾಯಿತು. ಆಮೇಲೆ ಹೆದರಿಕೆ ಶುರುವಾಯಿತು. ಈ ಒಂಬತ್ತನ್ನು ಹಾಳೆಯಲ್ಲಿ ಬರೆದರೆ, ನಾಳೆ ಓದುವ ಯಾವ ವಿಜ್ಞಾನಿಯೇ ಆಗಲಿ, ಹೊರಸಮುದ್ರದ ಬಾಟಲಿಗೆ ನದಿಯ ನೀರು ಹೇಗೆ ಬಂತು ಅಂತ ಕೇಳದೆ ಬಿಡುತ್ತಾರೆಯೇ? ಕ್ಯಾಪ್ಟನ್‌ನ ಕೆಲಸ ಹೋಗುತ್ತೆ, ಮರ್ಯಾದೆ ಅದಕ್ಕಿಂತ ಮೊದಲು ಹೋಗುತ್ತೆ. ಜೆಟ್ಟಿಗೆ ಹೋಗು ಅಂದವಳು ನಾನು. ಬೆಂಚನ್ನು ಎಣಿಸದೆ ಬಿಟ್ಟೆ. ಕಂಡೂ ಕಾಣದ ಹಾಗೆ ಗಾಜು ಸರಿಸಿದೆ. ಹದಿನೇಳು ವರ್ಷದ ಕೆಲಸದಲ್ಲಿ ಅದು ಮೊದಲನೇ ಸಲ, ಬೆರಳು ಗುಂಡಿಯ ಮೇಲೆ ನಡುಗಿದ್ದು ಇವತ್ತಿಗೂ ಮರೆತಿಲ್ಲ.

ಎರಡನೇ ಸಲ ನಡುಗಲಿಲ್ಲ. ಮಳೆಗಾಲ ಬಂದರೆ ಪೀಪಾಯಿಯ ಬಾಟಲಿಯಲ್ಲಿ ಬೆಂಚು ಇರುತ್ತೆ, ಬರೆಯಬಾರದು, ಅಷ್ಟೇ. ವರ್ಷಕ್ಕೆ ನಾಲ್ಕು ತಿಂಗಳು, ಎಂಟು ಬಾಟಲಿ. ಒಂದು ವಿಷಯ ಮಾತ್ರ ತಲೆ ಕೆರೆಯುತ್ತಿತ್ತು. ಜೆಟ್ಟಿಯ ನೀರು ಅಂದರೆ ಕೆಸರು, ಮರಳಿನ ಹುಡಿ ಇರಬೇಕು. ಈ ಬಾಟಲಿಗಳ ತಳದಲ್ಲಿ ಅದು ಇರುತ್ತಲೇ ಇರಲಿಲ್ಲ. ಅಣ್ಣ ಬುದ್ಧಿವಂತ, ಬಕೆಟ್ಟಿನಲ್ಲಿ ಕೆಸರು ಇಳಿಯಲು ಬಿಟ್ಟು ತಿಳಿ ತುಂಬಿಸುತ್ತಾನೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಷ್ಟು ವರ್ಷದ ಅನುಭವದವಳು ನಾನು! ಎದುರಿಗಿದ್ದ ಸಾಕ್ಷಿಗೆ ಒಂದು ಕತೆ ಕಟ್ಟಿ ಮಲಗಿಸಿದೆ.

ವರ್ಷ ಹೋದ ಹಾಗೆ ಬೆಂಚು ಜಾಸ್ತಿಯಾದವು. ಇಪ್ಪತ್ತು, ಐವತ್ತು, ಇನ್ನೂರು. ಅಣ್ಣ ಬರಬರುತ್ತಾ ಸೋಮಾರಿಯಾದ, ಜೆಟ್ಟಿಯ ತುದಿಗೂ ಹೋಗದೆ ಮೆಟ್ಟಿಲ ಹತ್ತಿರವೇ ಅದ್ದಿಕೊಂಡು ಬರುತ್ತಾನೆ ಅಂತ ಲೆಕ್ಕ ಹಾಕಿದೆ. ಮೊದಲು ಇದ್ದ ಸಮಾಧಾನ ಹೋಗಿ ಒಂದು ಥರ ತಾತ್ಸಾರ ಬಂತು. ಬೆಳಿಗ್ಗೆ ಹೋದವನು ಮಧ್ಯಾಹ್ನ ತೊಪ್ಪೆಯಾಗಿ ಬರುತ್ತಿದ್ದ, ಅಂಗೈ ಹಗ್ಗ ಕೊಯ್ದು ಕೆಂಪಾಗಿರುತ್ತಿತ್ತು. ಚಹಾ ಅಂಗಡಿಯಲ್ಲಿ ಕೂತು ಬಂದವನ ವೇಷ ನೋಡು ಅಂದುಕೊಳ್ಳುತ್ತಿದ್ದೆ. ಒಂದು ಸಲ ಎಲ್ಲರೂ ಊಟಕ್ಕೆ ಕೂತಿದ್ದಾಗ, ನಿನಗೇನಪ್ಪ ಕ್ಯಾಪ್ಟನ್, ಮಳೆಗಾಲ ಬಂದರೆ ಆರಾಮ ಅಂತ ಚುಚ್ಚಿದೆ. ಅವನು ನಕ್ಕ. ಬಾಯಿಬಿಟ್ಟು ಕೇಳಿದರೆ ಅವನ ಮುಖ ಸಣ್ಣದಾಗುತ್ತೆ ಅಂತ ನಾನು ಯಾವತ್ತೂ ನೇರವಾಗಿ ಕೇಳಲಿಲ್ಲ.

ಹೋದ ವರ್ಷದ ಕೊನೆಗೆ ಅಣ್ಣ ನಿವೃತ್ತನಾದ. ಅಷ್ಟರಲ್ಲಿ ಬೆನ್ನು ಪೂರ್ತಿ ಕೆಟ್ಟಿತ್ತು. ಕೆಳಗಿನ ಎರಡು ಮೂಳೆ ಒಂದರ ಮೇಲೊಂದು ಕೂತಿವೆ, ವರ್ಷಗಟ್ಟಲೆ ಕುಕ್ಕಿಸಿಕೊಂಡದ್ದು ಅಂತ ವೈದ್ಯರು ಹೇಳಿದರು. ವಯಸ್ಸು ಅಂದೆ ನಾನು.

ಈ ವರ್ಷ ಹೊಸ ದೋಣಿ, ಹೊಸ ದೋಣಿಯವನು. ಹೊಸ ವಿಜ್ಞಾನಿಯೂ ಬಂದಳು. ಮದ್ದು ಕೊಡುವ ಡಾಕ್ಟರಲ್ಲದಿದ್ದರೂ ಎಲ್ಲರೂ ಅವಳನ್ನು ಡಾಕ್ಟ್ರಮ್ಮ ಅನ್ನುತ್ತಾರೆ. ಚುರುಕು ಹುಡುಗಿ, ಬಂದ ಮೂರೇ ತಿಂಗಳಿಗೆ ಹೊಸ ಉಪ್ಪಿನ ಯಂತ್ರ ತರಿಸಿದಳು. ದೋಣಿ ಹೋದ ದಾರಿಯನ್ನು ಗೆರೆ ಎಳೆದು ತೋರಿಸುವ ಇನ್ನೊಂದು ಡಬ್ಬಿಯನ್ನೂ ಹಾಕಿಸಿದಳು. ನನ್ನ ಇಪ್ಪತ್ತೆಂಟು ವರ್ಷದ ಹಾಳೆಗಳನ್ನೆಲ್ಲ ಕೂತು ಕಂಪ್ಯೂಟರಿಗೆ ಏರಿಸಿದಳು.

ಹೋದ ಶುಕ್ರವಾರ ನನ್ನನ್ನು ತನ್ನ ಕೋಣೆಗೆ ಕರೆದಳು. ಈ ಮಳೆಗಾಲದಲ್ಲಿ ಪೀಪಾಯಿಯಿಂದ ಬಂದ ಮೊದಲ ಬಾಟಲಿಯನ್ನು ನಾನು ರಜೆಯಲ್ಲಿದ್ದಾಗ ಅವಳೇ ಎಣಿಸಿದ್ದಳಂತೆ. ನಾಲ್ಕು ನೂರು ಬೆಂಚು. ಇವನೂ ಜೆಟ್ಟಿ ಗಿರಾಕಿಯೇ ಅಂತ ನಾನು ಒಳಗೊಳಗೇ ಅಂದುಕೊಳ್ಳುವಷ್ಟರಲ್ಲಿ ಅವಳು ಪರದೆಯ ಮೇಲೆ ಗೆರೆ ತೋರಿಸಿದಳು. ದೋಣಿ ಪೀಪಾಯಿಗೆ ಹೋಗಿ ಒಂದು ಸುತ್ತು ಹಾಕಿ ಬಂದಿತ್ತು. ಉಪ್ಪೂ ಕಮ್ಮಿ ಇತ್ತು. ನದಿ ನಿಜವಾಗಿಯೂ ಹೊರಗೆ ಬಂದಿತ್ತು. ಇಷ್ಟು ವರ್ಷದ ಮಳೆಗಾಲಗಳಲ್ಲಿ ಒಂದೂ ಇಲ್ಲ, ಈ ವರ್ಷ ಏಕ್‌ದಂ ನಾಲ್ಕು ನೂರು, ಅಂದರೆ ಹೋದ ವರ್ಷ ನದಿಗೆ ಇನ್ನಷ್ಟು ನೀರು ತಂದು ಬಿಡಲು ತೋಡಿದ ಹೊಸ ಕಾಲುವೆಯೇ ಕಾರಣ ಅಂತ ಅವಳ ವಾದ. ವರದಿ ಅರ್ಧ ಬರೆದಾಗಿತ್ತು. ಮಳೆಗಾಲದಲ್ಲಿ ಒಂದು ಸಲವೂ ತಪ್ಪಿಸದೆ ಹೊರನೀರು ತಂದ ಕೇಂದ್ರ ಈ ಕರಾವಳಿಯಲ್ಲಿ ಇನ್ನೊಂದಿಲ್ಲವಂತೆ. ಸೋಮವಾರ ಕ್ಯಾಪ್ಟನ್ ಮನೆಗೆ ಹೋಗಿ ಅವರು ಹೇಗೆ ತರುತ್ತಿದ್ದರು ಅಂತ ಕೇಳಿ ಬರೆದುಕೊಳ್ಳುತ್ತೀನಿ, ವರದಿಯ ಮೊದಲ ಪುಟದಲ್ಲೇ ಅವರ ಹೆಸರು ಹಾಕುತ್ತೀನಿ ಅಂದಳು.

ಅಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ. ಈ ಹುಡುಗಿ ಎದುರಿಗೆ ಕೂತು ನಾಲ್ಕು ಪ್ರಶ್ನೆ ಕೇಳಿದರೆ ಬೆಬ್ಬೆಬ್ಬೆ ಅಂದುಬಿಡುತ್ತಾನೆ, ಹನ್ನೊಂದು ವರ್ಷದ ಗುಟ್ಟು ರಟ್ಟಾಗುತ್ತೆ. ಬೆನ್ನು ಮುರಿದುಕೊಂಡು ಮಲಗಿದವನಿಗೆ ಈ ವಯಸ್ಸಿನಲ್ಲಿ ಕಳ್ಳ ಅನ್ನಿಸಿಕೊಳ್ಳುವ ಗತಿ ಬರಬಾರದು. ಏನು ಹೇಳಬೇಕು ಅಂತ ಮೊದಲೇ ಹೇಳಿಕೊಟ್ಟು ಬರೋಣ ಅಂತ ಭಾನುವಾರ ಬೆಳಿಗ್ಗೆ ಹೊರಟೆ.

ಅತ್ತಿಗೆ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದಳು. ಅಣ್ಣ ಕಿಟಕಿಯ ಪಕ್ಕದ ಮಂಚದಲ್ಲಿ ಗೋಡೆಗೆ ಮೂರು ದಿಂಬು ಒಟ್ಟಿಕೊಂಡು ಕೂತಿದ್ದ. ಅರ್ಧ ಗಂಟೆಗಿಂತ ಜಾಸ್ತಿ ಕೂರಲಾಗುವುದಿಲ್ಲ ಅವನಿಗೆ, ಆಮೇಲೆ ಮಲಗಬೇಕು, ಮಲಗಿದರೆ ಮತ್ತೆ ಏಳಬೇಕು. ಸುತ್ತುಬಳಸಿ ಹೇಳುವ ಅಭ್ಯಾಸ ನನಗಿಲ್ಲ. ನಾಳೆ ಡಾಕ್ಟ್ರಮ್ಮ ಬರ್ತಾಳೆ, ಮಳೆಗಾಲದ ನೀರಿನ ವಿಷಯ ಕೇಳ್ತಾಳೆ, ಜೆಟ್ಟಿ ಅನ್ನೋ ಮಾತೇ ಎತ್ತಬೇಡ, ಪೀಪಾಯಿಗೆ ಹೋಗ್ತಿದ್ದೆ ಅಂತ ಮಾತ್ರ ಹೇಳು, ದಾರಿ, ಹೊತ್ತು ಎಲ್ಲ ನಾನು ಬರೆದುಕೊಡ್ತೀನಿ ಅಂದೆ.

ಅಣ್ಣ ನನ್ನನ್ನೇ ನೋಡಿದ. ಆಮೇಲೆ ನಗು ಬಂತು ಅವನಿಗೆ, ನಕ್ಕರೆ ಬೆನ್ನು ನೋಯುತ್ತೆ ಅಂತ ಕೈ ಊರಿಕೊಂಡು ನಕ್ಕ.

"ನೀನು ಇನ್ನೂ ಅದನ್ನೇ ನಂಬ್ಕೊಂಡಿದ್ದೀಯಾ?" ಅಂದ. "ನಾನು ಪೀಪಾಯಿಗೇ ಹೋಗ್ತಿದ್ದೆ ಕಣೇ. ಒಂದು ಸಲಾನೂ ತಪ್ಪಿಸಿಲ್ಲ."

ನನಗೆ ತಟ್ಟನೆ ಏನೂ ಅರ್ಥವಾಗಲಿಲ್ಲ. ನಾನೇ ಹೇಳಿಕೊಡಲು ಬಂದ ಸುಳ್ಳನ್ನು ಅವನು ಆಗಲೇ ಅಭ್ಯಾಸ ಮಾಡುತ್ತಿದ್ದಾನೆ ಅಂದುಕೊಂಡೆ. ನನ್ನ ಹತ್ತಿರ ಯಾಕೆ ಈ ಆಟ, ನಿಜ ಹೇಳು ಅಂದೆ. ನಿಜವನ್ನೇ ಹೇಳ್ತಿದ್ದೀನಿ ಅಂದ. ಅವನು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನಾನು ರಂಪ ಮಾಡಿದ ಆ ಸಂಜೆಯ ಮೇಲೆ ಎರಡು ದಿನ ಯೋಚಿಸಿದನಂತೆ. ಜೆಟ್ಟಿಯಲ್ಲೇ ತುಂಬಿಸಿಬಿಡೋಣ ಅಂತ ಒಂದು ಬೆಳಿಗ್ಗೆ ಬಗ್ಗಿಯೂ ಬಗ್ಗಿದನಂತೆ. ಆಗ ನಾನು ಎರಡೆರಡು ದಿನ ಕತ್ತು ಬಗ್ಗಿಸಿ ಕೂರುವುದು ನೆನಪಾಯಿತಂತೆ. ಸುಳ್ಳು ನೀರು ತಂದುಕೊಟ್ಟು ಅವಳನ್ನು ಕೂರಿಸೋದಾ ಅನ್ನಿಸಿ ಬಕೆಟ್ಟು ಎತ್ತಿಕೊಂಡು ದೋಣಿ ಹತ್ತಿದನಂತೆ. ಹೋಗ್ತೀನಿ ಅಂತ ಗೊತ್ತಾದರೆ ನಾನು ಪ್ರತಿ ಸಲವೂ ಅಳುತ್ತೀನಿ, ಜೆಟ್ಟಿ ಅಂತ ಅಂದುಕೊಂಡು ನೆಮ್ಮದಿಯಾಗಿರಲಿ ಅಂತ ಸುಮ್ಮನಿದ್ದನಂತೆ. ಒಬ್ಬನೇ ಹೋಗುತ್ತಿದ್ದ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಗ್ಗ. ಅಲೆಯಿಂದ ಅಲೆಗೆ ದೋಣಿ ಕುಕ್ಕುತ್ತಿತ್ತು, ಪ್ರತಿ ಕುಕ್ಕೂ ಬೆನ್ನಿಗೆ. ಎರಡು ಸಲ ಇಂಜಿನ್ನು ನಿಂತುಹೋಗಿ, ಇವತ್ತಿಗೆ ಮುಗೀತು ಅಂದುಕೊಂಡಿದ್ದನಂತೆ. ಇದನ್ನೆಲ್ಲ ಮಾರುಕಟ್ಟೆಗೆ ಹೋಗಿ ಬಂದ ಹಾಗೆ ಹೇಳಿದ.

ಬಾಟಲಿಯ ತಳದಲ್ಲಿ ಯಾಕೆ ಕೆಸರು ಇರಲಿಲ್ಲ ಅಂತ ಹನ್ನೊಂದು ವರ್ಷಕ್ಕೆ ಈಗ ತಿಳಿಯಿತು.

ಅಣ್ಣ ಕೇಳಿದ, "ಆ ನೀರಲ್ಲಿ ಏನಿತ್ತು? ಕೇಳ್ಬೇಕು ಅಂತ ಎಷ್ಟೋ ಸಲ ಅನ್ನಿಸ್ತಿತ್ತು. ಮಳೆಗಾಲದಲ್ಲಿ ಪೀಪಾಯಿ ಸುತ್ತ ನೀರು ಕೆಸರಿಲ್ದಿದ್ರೂ ಕಂದಾಗ್ತಿತ್ತು. ವರ್ಷದಿಂದ ವರ್ಷಕ್ಕೆ ಜಾಸ್ತಿ. ನದಿ ಇಲ್ಲೀತನಕ ಬಂತಲ್ಲಪ್ಪ ಅಂದ್ಕೊಳ್ತಿದ್ದೆ."

ಅದನ್ನು ಕೇಂದ್ರದಲ್ಲಿ ಯಾರಿಗೂ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

"ನಾನ್ಯಾಕೆ ಹೇಳ್ಲಿ? ಎಣಿಸೋಳು ನೀನಿದ್ದೀಯಲ್ಲ."

ಸುಳ್ಳು ಹೇಳಬಹುದಿತ್ತು. ಹೌದಣ್ಣ, ಎಲ್ಲಾ ಬರೆದಿದ್ದೀನಿ, ತುಂಬಾ ಉಪಯೋಗವಾಯಿತು ಅಂದಿದ್ದರೆ ಅವನು ಸಮಾಧಾನವಾಗಿ ದಿಂಬಿಗೊರಗುತ್ತಿದ್ದ. ನಾಳೆ ಡಾಕ್ಟ್ರಮ್ಮ ಬರುತ್ತಿದ್ದಳು, ಅವನು ಕಂದು ನೀರಿನ ವಿಷಯ ಹೇಳುತ್ತಿದ್ದ, ಅವಳು ಹಾಳೆ ತಿರುವಿ ಹಾಕಿ ಸುಳ್ಳು ಹೇಳ್ತಿದ್ದೀರಿ ಅನ್ನುತ್ತಿದ್ದಳು. ನನ್ನ ಹಾಳೆಯನ್ನು ನಂಬುತ್ತಿದ್ದಳು, ಅವನನ್ನಲ್ಲ. ಅದು ನೆನಪಾದ ಮೇಲೆ ಬೇರೆ ದಾರಿ ಉಳಿಯಲಿಲ್ಲ. ಎಲ್ಲಾ ಹೇಳಿದೆ. ಬೆಂಚು ಅಂದರೇನು, ಅದು ಕಂಡಾಗ ನಾನು ಏನು ಅಂದುಕೊಂಡೆ, ಗಾಜು ಹೇಗೆ ಸರಿಸಿದೆ, ಮೊದಲನೇ ವರ್ಷ ಎಷ್ಟು ಬಿಟ್ಟೆ, ಕೊನೇ ವರ್ಷ ಎಷ್ಟು ಬಿಟ್ಟೆ. ನಿನ್ನನ್ನು ಉಳಿಸೋಕೆ ಮಾಡಿದೆ ಅನ್ನುವ ಮಾತು ಬಾಯಿಯ ತನಕ ಬಂತು. ಆಡಲು ನಾಚಿಕೆಯಾಗಿ ನುಂಗಿಕೊಂಡೆ.

ಎಲ್ಲಾ ಕೇಳಿದ ಮೇಲೆ ಅಣ್ಣ, ಆ ಹುಡುಗಿಗೆ ಫೋನ್ ಮಾಡು ಅಂದ. ನಾಳೆ ಹೇಳ್ತೀನಿ ಅಂದೆ. ಈಗಲೇ, ಇಲ್ಲಿಂದಲೇ ಮಾಡು ಅಂದ.

ಮಾಡಿದೆ. ಡಾಕ್ಟ್ರಮ್ಮ ಮೊದಲು ತಮಾಷೆ ಅಂದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಹಾಗಾದರೆ ಕಾಲುವೆಯಿಂದ ಅಲ್ಲ, ಅದಕ್ಕೂ ಹತ್ತು ವರ್ಷ ಮೊದಲೇ ಶುರುವಾಗಿದೆ, ಬರೆದದ್ದನ್ನೆಲ್ಲ ಹರಿದು ಹಾಕಬೇಕು ಅಂದಳು. ಬಿಟ್ಟದ್ದು ಎಷ್ಟೆಷ್ಟು ಅಂತ ನೆನಪಿನಿಂದ ಬರೆಯಬಹುದಾ ಅಂತ ನಾನು ಕೇಳಿದೆ. ನೆನಪನ್ನು ಲೆಕ್ಕಕ್ಕೆ ಹಿಡಿಯೋಕಾಗಲ್ಲ, ಒಂದು ಜಾತಿಯನ್ನು ಬಿಟ್ಟವರು ಇನ್ನೊಂದನ್ನು ಬಿಟ್ಟಿಲ್ಲ ಅಂತ ನಾನು ಹೇಗೆ ನಂಬಲಿ ಅಂದಳು. ಹನ್ನೊಂದು ಮಳೆಗಾಲದ ಹೊರನೀರಿನ ಹಾಳೆಗಳನ್ನು ಪೂರ್ತಿ ತೆಗೆದುಹಾಕುತ್ತಾಳಂತೆ. ಬಾಟಲಿ ಇನ್ನೂ ಇರುವವನ್ನು ಅವಳೇ ಮತ್ತೆ ಎಣಿಸುತ್ತಾಳಂತೆ. ಸರಿ ಅಂದೆ. ಸರಿಯೇ ಅದು, ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಫೋನ್ ಇಟ್ಟು ಅಣ್ಣನಿಗೆ ಅಷ್ಟನ್ನೂ ಹೇಳಿದೆ. ಮಹಡಿಯಿಂದ ಅತ್ತಿಗೆ ಬಟ್ಟೆ ಕೊಡಹುವ ಸದ್ದು ಕೇಳುತ್ತಿತ್ತು.

"ಒಟ್ಟು ಎಷ್ಟು ಬಾಟಲಿ?" ಅಂತ ಕೇಳಿದ.

ಎಂಬತ್ತೇಳು ಅಂದೆ. ಮೊದಲ ವರ್ಷ ಏಳು, ಆಮೇಲೆ ವರ್ಷಕ್ಕೆ ಎಂಟು.

"ಈಗ ಎಷ್ಟಿವೆ?"

ಹದಿನಾರು. ಕಪಾಟಿನಲ್ಲಿ ಜಾಗವಿಲ್ಲ ಅಂತ ಎರಡು ವರ್ಷಕ್ಕಿಂತ ಹಳೆಯದನ್ನೆಲ್ಲ ಚೆಲ್ಲುವುದು ನಿಯಮ. ಚೆಲ್ಲುವುದೂ ನನ್ನದೇ ಕೆಲಸ. ಎಪ್ಪತ್ತೊಂದನ್ನು ನಾನೇ ಸಿಂಕಿಗೆ ಸುರಿದು ನಲ್ಲಿ ಬಿಟ್ಟಿದ್ದೆ. ಅದನ್ನೂ ಹೇಳಿದೆ.

ಅಣ್ಣ ಕೂತು ಅರ್ಧ ಗಂಟೆ ದಾಟಿತ್ತು. ಒಂದೊಂದೇ ದಿಂಬು ಪಕ್ಕಕ್ಕಿಟ್ಟು, ಮಂಚದ ಅಂಚು ಹಿಡಿದು, ಮೊದಲು ಮೊಣಕೈ, ಆಮೇಲೆ ಭುಜ ಊರಿ ಮಲಗಿದ. ಹಿಡಿದುಕೊಳ್ಳಲು ಹೋದೆ, ಬೇಡ ಅಂತ ಕೈ ಆಡಿಸಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಕಾಲಾದರೂ ಹಿಡಿಯುತ್ತಿದ್ದೆ.

"ಹಾಗಾದ್ರೆ ನಾನು ಜೆಟ್ಟಿಯಲ್ಲೇ ತುಂಬಿಸ್ಕೊಂಡು ಬಂದಿದ್ರೂ ಆಗ್ತಿತ್ತು," ಅಂದ.

ಆಗ್ತಿತ್ತು ಅಣ್ಣ ಅಂದೆ.